ಮೊದಲು ನೆರಳು, ಆಮೇಲೆ ಗಿಡ: ಹೊಸದಾಗಿ ಕಾಫಿ ಹಾಕುವವರಿಗೆ

ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಮಲೆನಾಡಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ‘ಒಂದೆರಡು ಎಕರೆ ಖಾಲಿ ಇದೆ, ಕಾಫಿ ಹಾಕೋಣ ಅಂತಿದ್ದೀವಿ. ಯಾವ ಗಿಡ ತರೋದು?’ ಹೆಚ್ಚಿನವರು ಗಿಡದಿಂದಲೇ ಶುರು ಮಾಡುತ್ತಾರೆ. ನಾನು ಹೇಳುವುದು ಇಷ್ಟೇ: ಗಿಡದ ಮಾತು ಆಮೇಲೆ, ಮೊದಲು ತಲೆ ಎತ್ತಿ ಮರ ನೋಡಿ. ನೆರಳು ಸರಿ ಇದ್ದರೆ ಮುಂದಿನ ಅರ್ಧ ಕೆಲಸ ಹಗುರ. ನೆರಳು ತಪ್ಪಿದರೆ ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ಔಷಧಿ ಹೊಡೆದರೂ ತೋಟ ಬಹಳ ವರ್ಷ ಬಾಳುವುದಿಲ್ಲ.

ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಕಡೆಯ ಸಣ್ಣ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲೇ.

ಕಾಡಿನ ಗಿಡ ಅನ್ನುವುದನ್ನು ಮರೆಯಬೇಡಿ

ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ನೈಋತ್ಯ ಭಾಗದ ಬೆಟ್ಟದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ, ಸೋಸಿ ಬೀಳುವ ಬೆಳಕಿನಲ್ಲಿ ತಾನಾಗಿ ಬೆಳೆಯುವ ಗಿಡ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋಯಿತು. ಯೆಮನ್‌ನವರು ಅದನ್ನು ಸಾಲಾಗಿ ನೆಟ್ಟು ಬೆಳೆದರು, ಮೋಕಾ ಬಂದರಿನಿಂದ ಲೋಕಕ್ಕೆಲ್ಲ ಮಾರಿದರು. ಹಜ್ ಯಾತ್ರೆಯಿಂದ ಮರಳಿದ ಬಾಬಾ ಬುಡನ್ ಅಲ್ಲಿಂದ ಏಳು ಬೀಜ ತಂದು 1670ರ ಸುಮಾರಿಗೆ ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನುವುದು ನಾವೆಲ್ಲ ಕೇಳುತ್ತ ಬೆಳೆದ ಕಥೆ. ಆ ಗಿರಿಗೆ ಇಂದಿಗೂ ಅವರದೇ ಹೆಸರು.

ಬಹಳ ಕಾಲ ಅದು ಮನೆ ಸುತ್ತಿನ ಗಿಡವಾಗಿಯೇ ಇತ್ತು. ದುಡ್ಡಿನ ಬೆಳೆಯಾದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ತೋಟಗಾರರ ಕೈಯಲ್ಲಿ. ಅವರಲ್ಲಿ ಅನೇಕರು ಕಾಡು ಬೋಳಿಸಿ ಬಯಲಿನಲ್ಲೇ ಕಾಫಿ ಹಾಕಿದರು. ಮೊದಮೊದಲು ಫಸಲು ಚೆನ್ನಾಗಿಯೇ ಬಂತು. 1860ರ ದಶಕದಲ್ಲಿ ಕೊಡಗಿನಲ್ಲಿ ಬೋರರ್ ಹುಳ, ಅಂದರೆ ಬಿಳಿ ಕಾಂಡಕೊರಕ, ಎದ್ದಿತು, ತೋಟಕ್ಕೆ ತೋಟವೇ ಒಣಗಿತು. ಮದ್ರಾಸಿನ ವೈದ್ಯ ಜಾರ್ಜ್ ಬಿಡಿ ತೋಟಗಳನ್ನು ಸುತ್ತಿ ನೋಡಿ 1869ರಲ್ಲಿ ವರದಿ ಕೊಟ್ಟರು. ಗಿಡಕ್ಕೆ ಮತ್ತೆ ನೆರಳು ಕೊಡಿ ಅನ್ನುವುದು ಅವರ ಮುಖ್ಯ ಸಲಹೆ. ನಮ್ಮ ತೋಟಗಳಲ್ಲಿ ಇಂದು ಕಾಣುವ ಎರಡು ಹಂತದ ನೆರಳು ಆ ಕಾಲದ ಪೆಟ್ಟಿನಿಂದ ಕಲಿತ ಪಾಠ. ಬ್ರೆಜಿಲ್‌ನಲ್ಲಿ ಬಿಸಿಲಲ್ಲೇ ಬೆಳೆಯುತ್ತಾರಲ್ಲ ಎಂದು ಕೇಳುವವರು ಇದ್ದಾರೆ. ಅಲ್ಲಿ ಈ ಬಿಳಿ ಕಾಂಡಕೊರಕ ಇಲ್ಲ, ನಮ್ಮ ಹಾಗೆ ಇಳಿಜಾರಿನ ಮೇಲೆ ಬಿದ್ದು ಮಣ್ಣು ಕೊಚ್ಚುವ ಮುಂಗಾರೂ ಇಲ್ಲ.

ಜಾಗ ಒಪ್ಪುತ್ತದಾ?

ಅರೇಬಿಕಾಗೆ ಸಮುದ್ರ ಮಟ್ಟದಿಂದ 1000ದಿಂದ 1500 ಮೀಟರ್ ಎತ್ತರ ಸರಿ. ಕಾಫಿಯ ಇನ್ನೊಂದು ಜಾತಿ ರೊಬಸ್ಟಾಗೆ 500ರಿಂದ 1000 ಮೀಟರ್ ಸಾಕು. ಇಳಿಜಾರು ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ್ದರೆ ಒಳ್ಳೆಯದು. ಪಡುವಣ ಇಳಿಜಾರಿನಲ್ಲಿ ಮಧ್ಯಾಹ್ನದ ಬಿಸಿಲು ಕಾಂಡಕ್ಕೇ ಹೊಡೆಯುತ್ತದೆ, ಅಲ್ಲಿ ಮರ ಇನ್ನಷ್ಟು ಬೇಕು. ನೀರು ನಿಲ್ಲುವ ಜಾಗ ಬೇಡವೇ ಬೇಡ. ಗದ್ದೆ ಬಯಲಿಗೆ ಕಾಫಿ ಹಾಕಿದವರು ಬಸಿಗಾಲುವೆ ತೋಡುತ್ತಲೇ ಇರಬೇಕಾಗುತ್ತದೆ.

ಮಣ್ಣು ಪರೀಕ್ಷೆ ಬಿಡಬೇಡಿ. ತೋಟದೊಳಗೆ ಅಂಕುಡೊಂಕಾಗಿ ನಡೆಯುತ್ತ ಹತ್ತಾರು ಕಡೆ ಮೇಲಿನ ತರಗು ಸರಿಸಿ, ಒಂದು ಗೇಣು ಆಳದವರೆಗೆ ಮಣ್ಣು ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕಳಿಸಿದರೆ ಸಾಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಕೊಡುತ್ತಾರೆ. ಕೊಡಗಿನವರು ಚೆಟ್ಟಳ್ಳಿಯ ಉಪಕೇಂದ್ರದಲ್ಲಿ ವಿಚಾರಿಸಬಹುದು. ಮಣ್ಣಿನ ಪಿಎಚ್ 6ರಿಂದ 6.5ರ ಒಳಗೆ ಇರಬೇಕು. ಮಲೆನಾಡಿನ ಮಳೆಗೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗುವುದು ಸಾಮಾನ್ಯ. ವರದಿಯಲ್ಲಿ ಹೇಳಿದಷ್ಟೇ ಕೃಷಿ ಸುಣ್ಣ ಹಾಕಿ. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕಬೇಡಿ, ನಡುವೆ ಕೆಲವು ವಾರ ಬಿಡಿ.

ನೆರಳು ಕಟ್ಟುವುದು

ಜಾಗದಲ್ಲಿ ಆಗಲೇ ಮರ ಇದ್ದರೆ ನಿಮ್ಮ ಪುಣ್ಯ. ಅತ್ತಿ, ಬಸರಿ, ಹಲಸು, ನಂದಿ, ಹೊನ್ನೆ, ಬೀಟೆ ಇದ್ದರೆ ಹಾಗೇ ಉಳಿಸಿ. ಅತ್ತಿ, ಬಸರಿಯ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ, ಬೇಸಿಗೆಯಲ್ಲಿ ತಂಪು ಕೊಡುತ್ತದೆ. ಒಂದು ವೇಳೆ ಮರ ತೆಗೆಯಲೇಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು ಪಡೆಯಿರಿ.

ಖಾಲಿ ಜಾಗವಾದರೆ ಕಾಫಿಗಿಂತ ಒಂದೆರಡು ವರ್ಷ ಮೊದಲೇ ಕೆಲಸ ಶುರುವಾಗಬೇಕು. ಕೆಳಗಿನ ಹಂತಕ್ಕೆ ಹಾಲುವಾಣ. ಆಳೆತ್ತರದ ಕೊಂಬೆ ಕಡಿದು ಮುಂಗಾರು ಹಿಡಿದ ಮೇಲೆ ಊರಿದರೆ ಚಿಗುರುತ್ತದೆ. ಎಲೆ ಉದುರಿದರೆ ಮಣ್ಣಿಗೆ ಸಾರಜನಕ ಸೇರುತ್ತದೆ. ಮೇಲಿನ ಹಂತಕ್ಕೆ ಕಾಡುಮರಗಳನ್ನು 12ರಿಂದ 14 ಮೀಟರ್ ಅಂತರದಲ್ಲಿ ನೆಡಿ. ಅವು ಎದ್ದು ನಿಲ್ಲುವವರೆಗೆ ಬಾಳೆ ಹಾಕಿದರೆ ನೆರಳೂ ಆಯಿತು, ಗೊನೆಯಿಂದ ನಾಲ್ಕು ಕಾಸೂ ಬಂತು.

ಸಿಲ್ವರ್ ಓಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದರೆ ದುಡ್ಡು. ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಬರೀ ಸಿಲ್ವರ್ ಓಕ್ ತುಂಬಿದ ತೋಟ ನನಗೆ ಒಪ್ಪಿಗೆಯಾಗುವುದಿಲ್ಲ. ಅದರ ಎಲೆ ಬೇಗ ಕೊಳೆಯುವುದಿಲ್ಲ, ನೆರಳು ತೆಳು, ಹಕ್ಕಿಗಳಿಗೆ ತಿನ್ನಲು ಹಣ್ಣಿಲ್ಲ. ಇರಲಿ, ಆದರೆ ಕಾಡುಮರಗಳ ನಡುವೆ ಇರಲಿ.

ನೆರಳು ಸಾಕೋ ಬೇಕೋ ತಿಳಿಯಲು ಯಂತ್ರ ಬೇಡ. ಬೇಸಿಗೆಯ ನಡು ಮಧ್ಯಾಹ್ನ ತೋಟದಲ್ಲಿ ನಿಂತು ನೆಲ ನೋಡಿ. ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿರಬೇಕು. ದೊಡ್ಡ ದೊಡ್ಡ ತೇಪೆಯಾಗಿ ಬಿದ್ದಿದ್ದರೆ ಅಲ್ಲಿ ಮರ ಕಡಿಮೆ. ಚುಕ್ಕಿಯೇ ಇಲ್ಲದೆ ಕತ್ತಲಾಗಿದ್ದರೆ ಮರಗಸಿ, ಅಂದರೆ ಮರದ ಕೊಂಬೆ ಸವರುವುದು, ಆಗಬೇಕು. ರೊಬಸ್ಟಾಗೆ ಅರೇಬಿಕಾಗಿಂತ ಬೆಳಕು ಜಾಸ್ತಿ ಬೇಕು ಅನ್ನುವುದು ನೆನಪಿರಲಿ.

ತಳಿ ಆರಿಸುವುದು

ಎತ್ತರ, ನೀರು, ಕೂಲಿ ಆಳು, ಈ ಮೂರು ಲೆಕ್ಕ ಹಾಕಿ ಅರೇಬಿಕಾನೋ ರೊಬಸ್ಟಾನೋ ತೀರ್ಮಾನಿಸಿ. ಅರೇಬಿಕಾಗೆ ಸಾಮಾನ್ಯವಾಗಿ ಬೆಲೆ ಹೆಚ್ಚು, ಆರೈಕೆಯೂ ಹೆಚ್ಚು. ರೊಬಸ್ಟಾ ಗಟ್ಟಿ ಗಿಡ, ಎಲೆ ತುಕ್ಕು ಮತ್ತು ಕಾಂಡಕೊರಕವನ್ನು ತಾಳುತ್ತದೆ, ಆದರೆ ಫೆಬ್ರವರಿ–ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ನೀರು ಬೇಕೇ ಬೇಕು. ಕೆರೆ ಇಲ್ಲದವರು ರೊಬಸ್ಟಾಗೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಎಲೆ ತುಕ್ಕು ಸಣ್ಣ ರೋಗವಲ್ಲ. 1869ರಲ್ಲಿ ಸಿಲೋನ್‌ನಲ್ಲಿ (ಇಂದಿನ ಶ್ರೀಲಂಕಾ) ಕಾಣಿಸಿಕೊಂಡು ಆ ದ್ವೀಪದ ಕಾಫಿಯನ್ನೇ ಮುಗಿಸಿತು. ಅಲ್ಲಿಯವರು ಚಹಾಕ್ಕೆ ಹೊರಳಿದ್ದು ಆಮೇಲೆ. ನಮ್ಮಲ್ಲಿ ರೋಗ ತಾಳುವ ಗಿಡ ಹುಡುಕುವ ಕೆಲಸ ಅಂದಿನಿಂದ ನಿಂತಿಲ್ಲ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿಂದ ಬಂದ ಎಸ್.795 ಇಂದಿಗೂ ಹಳಬರ ನೆಚ್ಚಿನ ಅರೇಬಿಕಾ. ಅದರ ಹೆತ್ತ ಗಿಡಗಳಲ್ಲಿ ಒಂದು ಮೂಡಿಗೆರೆ ಕಡೆಯ ತೋಟಗಾರರೊಬ್ಬರು ಆರಿಸಿದ ಕೆಂಟ್ಸ್. ಎಸ್.795ರ ಗಿಡ ಎತ್ತರ, ರುಚಿ ಚೆನ್ನ, ಬಹಳ ವರ್ಷ ಬಾಳುತ್ತದೆ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಗಿಡ್ಡ ಗಿಡ, ಬೀಜ ದಪ್ಪ, ಬೇಗ ಫಸಲಿಗೆ ಬರುತ್ತದೆ. ಆದರೆ ಬೋರರ್ ಎರಡಕ್ಕೂ ಬರುತ್ತದೆ. ‘ಇದಕ್ಕೆ ಬೋರರ್ ಬರಲ್ಲ’ ಎಂದು ಅರೇಬಿಕಾ ಸಸಿ ಮಾರುವವರನ್ನು ನಂಬಬೇಡಿ.

ರೊಬಸ್ಟಾದಲ್ಲಿ ಎಸ್.274 ದೊಡ್ಡ ಗಿಡ, 10 ಅಡಿಗೆ ಒಂದರಂತೆ ನೆಡಬೇಕು. ಸಿ×ಆರ್ ಸ್ವಲ್ಪ ಚಿಕ್ಕದು, 8 ಅಡಿ ಸಾಕು. ಎಸ್.795ಕ್ಕೆ 6ರಿಂದ 7 ಅಡಿ, ಚಂದ್ರಗಿರಿಗೆ 6 ಅಡಿ. ಹತ್ತಿರ ಹತ್ತಿರ ನೆಟ್ಟರೆ ಮೊದಲೆರಡು ಫಸಲು ಖುಷಿ ಕೊಡುತ್ತದೆ. ಆಮೇಲೆ ರೆಕ್ಕೆಗೆ ರೆಕ್ಕೆ (ಗಿಡದ ಅಡ್ಡಕೊಂಬೆ) ಸೇರಿ ಗಾಳಿ ಆಡದೆ ಮಳೆಗಾಲದಲ್ಲಿ ಕೊಳೆ ರೋಗ ಹಿಡಿಯುತ್ತದೆ.

ಸಸಿ ಮಾಡುವುದು, ನೆಡುವುದು

ಬೀಜವನ್ನು ಕಾಫಿ ಬೋರ್ಡ್‌ನಿಂದಲೇ ತರುವುದು ಕ್ಷೇಮ. ಬೀಜಕ್ಕೆ ಮೊಳಕೆ ಶಕ್ತಿ ಬಹಳ ತಿಂಗಳು ಉಳಿಯುವುದಿಲ್ಲ, ಹಾಗಾಗಿ ಡಿಸೆಂಬರ್–ಜನವರಿಯಲ್ಲೇ ಪಾತಿಗೆ ಬಿತ್ತಿ. ಚಪ್ಪಟೆ ಮಗ್ಗುಲು ಕೆಳಗೆ ಇರಲಿ. ಮೇಲೆ ತೆಳುವಾಗಿ ಪುಡಿ ಮಣ್ಣು ಉದುರಿಸಿ, ಭತ್ತದ ಹುಲ್ಲು ಹೊದಿಸಿ, ದಿನಾ ನೀರು ಚಿಮುಕಿಸಿ. ಸುಮಾರು ಒಂದೂವರೆ ತಿಂಗಳಿಗೆ ಬೀಜವನ್ನೇ ತಲೆ ಮೇಲೆ ಹೊತ್ತುಕೊಂಡು ಮೊಳಕೆ ಎದ್ದು ನಿಲ್ಲುತ್ತದೆ. ಆ ಟೋಪಿ ಹಂತದಲ್ಲೇ ಕಿತ್ತು ಪಾಲಿಥಿನ್ ಚೀಲಕ್ಕೆ ಹಾಕಬೇಕು. ಚೀಲಕ್ಕೆ 6 ಪಾಲು ಕಾಡುಮಣ್ಣು, 2 ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು.

ನೆಡುವ ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ತೋಡಿ, ಬಿಸಿಲು ಗಾಳಿಗೆ ಬಿಟ್ಟು, ಆಮೇಲೆ ಮೇಲ್ಮಣ್ಣು ಮತ್ತು ಗೊಬ್ಬರದಿಂದ ಮುಚ್ಚಿ. ಚೀಲದ ಸಸಿಯನ್ನು ಮುಂಗಾರಿನ ಜೋರು ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೆಡುವುದು ವಾಡಿಕೆ.

ಇಲ್ಲಿ ಒಂದು ಕೆಲಸ ನೀವೇ ನಿಂತು ಮಾಡಿಸಿ. ಚೀಲದಲ್ಲಿ ತಾಯಿಬೇರು ತಳಕ್ಕೆ ತಾಗಿ ಸುತ್ತಿಕೊಂಡಿರುತ್ತದೆ. ಚೀಲದ ತಳವನ್ನು ಒಂದು ಇಂಚಿನಷ್ಟು ಬೇರಿನ ಸಮೇತ ಕತ್ತಿಯಿಂದ ಕತ್ತರಿಸಿ, ಆಮೇಲೆ ಚೀಲ ಸೀಳಿ ತೆಗೆದು ನೆಡಬೇಕು. ಸುತ್ತಿದ ಬೇರನ್ನು ಹಾಗೇ ಮಣ್ಣಿಗಿಟ್ಟರೆ ಗಿಡ ಎರಡು ಮೂರು ವರ್ಷ ಚೆನ್ನಾಗಿಯೇ ಕಾಣುತ್ತದೆ. ಫಸಲು ಹೊತ್ತ ಬೇಸಿಗೆಯಲ್ಲಿ ಹಳದಿಯಾಗಿ ಒಣಗುತ್ತದೆ. ಆಗ ಕಿತ್ತು ನೋಡಿದರೆ ಬೇರು ಗಂಟಾಗಿರುತ್ತದೆ.

ನೆಟ್ಟ ಸಸಿಗೆ ಕಡ್ಡಿ ಆಸರೆ ಕೊಡಿ, ಮೊದಲ ಬೇಸಿಗೆಗೆ ಸೊಪ್ಪಿನ ಮರೆ ಮಾಡಿ, ಬುಡಕ್ಕೆ ತರಗು ಹೊದಿಸಿ. ಇಳಿಜಾರಿನಲ್ಲಿ ನಾಲ್ಕು ಗಿಡದ ನಡುವೆ ತೊಟ್ಟಿಲು ಗುಂಡಿ ತೋಡಿದರೆ ಮಳೆನೀರೂ ಇಂಗುತ್ತದೆ, ಕೊಚ್ಚಿ ಬಂದ ಮೇಲ್ಮಣ್ಣೂ ಅಲ್ಲೇ ನಿಲ್ಲುತ್ತದೆ. ಅರೇಬಿಕಾ ಎರಡೂವರೆ ಅಡಿಗೆ ಬಂದಾಗ ತುದಿ ಚಿವುಟಿ. ಬುಡದಿಂದ ನೆಟ್ಟಗೆ ಮೇಲೇಳುವ ಕಂಬ ಚಿಗುರನ್ನು ಎಳೆಯದಾಗಿರುವಾಗಲೇ ಕೈಯಿಂದ ಮುರಿಯಿರಿ, ಬಲಿತರೆ ಕತ್ತಿ ಬೇಕಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಮೊದಲ ಫಸಲು, ಪೂರ್ತಿ ಫಸಲಿಗೆ ಆರೇಳು ವರ್ಷ. ಅಲ್ಲಿಯವರೆಗೆ ಮನೆ ಖರ್ಚು ಹೇಗೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ. ಬಾಳೆ, ಮೆಣಸು ಇರುವುದು ಅದಕ್ಕೇ.

ಹೂಮಳೆಯಿಂದ ಮುಂಗಾರಿನವರೆಗೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳೆಗಾರನ ಕಣ್ಣು ಆಕಾಶದ ಮೇಲೆ. ಮೊಗ್ಗು ಕಾದು ಕುಳಿತಿರುತ್ತದೆ. ಒಂದು ಇಂಚು ಮಳೆ ಚೆನ್ನಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಪರಿಮಳ. ಮತ್ತೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಅನ್ನುವುದು, ಬಂದರೆ ಕಾಯಿ ನಿಲ್ಲುತ್ತದೆ. ಅರೆಬರೆ ಹನಿ ಬಿದ್ದು ನಿಂತರೆ ಕಷ್ಟ: ಮೊಗ್ಗು ಅರ್ಧ ಅರಳಿ ಬಾಡಿಹೋಗುತ್ತದೆ. ಸ್ಪ್ರಿಂಕ್ಲರ್ ಇದ್ದವರು ಹನಿ ಮಳೆ ಬಿದ್ದ ಕೂಡಲೇ ಉಳಿದ ನೀರನ್ನು ಕೊಟ್ಟು ಪೂರೈಸಬೇಕು.

ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅಂದರೆ ಗಾಳಿ ಮತ್ತು ಜೇನು. ಹೂ ಇರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ. ತೋಟದಲ್ಲಿ ಹೆಜ್ಜೇನು ಕಟ್ಟುವ ಮರ ಇದ್ದರೆ ಅದನ್ನು ಮುಟ್ಟಬೇಡಿ.

ಮುಂಗಾರಿಗೆ ಮುನ್ನ ಮರಗಸಿ, ಜೊತೆಗೆ ಗಿಡದ ನಡು ಬಿಡಿಸುವುದು. ಗಿಡದ ಮಧ್ಯೆ ಬೆಳಕು, ಗಾಳಿ ಹೋಗಬೇಕು. ಅರೇಬಿಕಾಗೆ ಎಲೆ ತುಕ್ಕು ತಡೆಯುವ ಬೋರ್ಡೋ ದ್ರಾವಣ ಕೂಡ ಈಗಲೇ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಟ್ಟು 200 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಹಸನಾದ ಕಬ್ಬಿಣದ ಚೂರಿ ಅದ್ದಿ ನೋಡಿ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು. ಇನ್ನಷ್ಟು ಹಾಕದೆ ಹೊಡೆದರೆ ಎಲೆ ಸುಡುತ್ತದೆ. ತುಕ್ಕು ಕೂರುವುದು ಎಲೆಯ ತಳಭಾಗದಲ್ಲಿ, ಹಾಗಾಗಿ ಸ್ಪ್ರೇ ಗನ್ ಕೆಳಗಿನಿಂದ ಮೇಲಕ್ಕೆ ಇರಲಿ.

ಬೋರರ್

ಅರೇಬಿಕಾ ಹಾಕಿದವರು ಇದೊಂದನ್ನು ಕಲಿಯದೆ ವಿಧಿಯಿಲ್ಲ. ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹೊರಬರುತ್ತದೆ: ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಮ್ಮೆ. ಅದಕ್ಕೆ ಬಿಸಿಲು ಇಷ್ಟ. ಬಿಸಿಲು ಬೀಳುವ ಕಾಂಡದ ತೊಗಟೆ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಒಳಗೆ ಹೊಕ್ಕು ಕಾಂಡ ಕೊರೆಯುತ್ತ ಬೇರಿನವರೆಗೂ ಇಳಿಯುತ್ತದೆ. ಮೇಲಿನಿಂದ ಹೊಡೆದ ಔಷಧಿ ಅಲ್ಲಿಗೆ ತಲುಪುವುದಿಲ್ಲ.

ಆದ್ದರಿಂದ ದುಂಬಿ ಹಾರುವ ಮುನ್ನ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡ ಗಿಡ ನೋಡಬೇಕು. ಎಲೆ ಸ್ವಲ್ಪ ಹಳದಿ, ಜೋತುಬಿದ್ದ ನೋಟ ಇದ್ದರೆ ಅನುಮಾನ ಪಡಿ. ಬಗ್ಗಿ ಕುಳಿತು ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಸವರಿ. ಒಳಗೆ ಹುಳ ನಡೆದ ದಾರಿ ಇದ್ದರೆ ತೊಗಟೆಯ ಮೇಲೆ ಉಬ್ಬಿದ ಏಣು ಕೈಗೆ ಸಿಗುತ್ತದೆ. ಆ ಗಿಡಕ್ಕೆ ಕರುಣೆ ತೋರಿಸಬೇಡಿ. ಕಾಯಿ ತುಂಬಿದ್ದರೂ ಬುಡ ಸಮೇತ ಕಿತ್ತು ಸುಡಿ. ‘ಈ ಫಸಲು ಒಂದು ತೆಗೆದುಕೊಳ್ಳೋಣ’ ಅಂದುಕೊಂಡರೆ ಅದೇ ಗಿಡದಿಂದ ಹೊರಟ ದುಂಬಿ ಸುತ್ತಲ ಗಿಡಗಳಿಗೆ ಹೋಗುತ್ತದೆ. ಕಿತ್ತು ಸೌದೆ ಒಟ್ಟಿದರೂ ಅಷ್ಟೇ, ಹುಳ ಅದರೊಳಗೇ ಬೆಳೆದು ಹೊರಬರುತ್ತದೆ.

ಉಳಿದ ಗಿಡಗಳ ಕಾಂಡವನ್ನು ತೆಂಗಿನ ನಾರಿನಿಂದ ಉಜ್ಜಿ ಸಡಿಲ ತೊಗಟೆ ತೆಗೆಯಿರಿ. ಹಸಿರು ಪದರಕ್ಕೆ ಗಾಯವಾಗಬಾರದು. ತೊಗಟೆ ಸಂದಿಲ್ಲದಿದ್ದರೆ ಮೊಟ್ಟೆಗೆ ಜಾಗವಿಲ್ಲ. ಆಮೇಲೆ 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ ಬಳಿಯಿರಿ. ಇದೆಲ್ಲ ಮಾಡಿದರೂ ನೆರಳಿಲ್ಲದ ಜಾಗದಲ್ಲಿ ಹುಳ ಮತ್ತೆ ಬರುತ್ತದೆ. ತೋಟದ ಯಾವ ಮೂಲೆಯಲ್ಲಿ ಪ್ರತಿ ವರ್ಷ ಗಿಡ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹೆಚ್ಚಿನ ಸಲ ಅಲ್ಲಿ ಮೇಲೆ ಒಂದು ಮರ ಕಡಿಮೆ ಇರುತ್ತದೆ.

ಕಾಯಿಕೊರಕ ಬೇರೆ ಹುಳ. 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡಿತು. ಇದು ಬದುಕುವುದೇ ನಾವು ಬಿಟ್ಟ ಕಾಯಿಯಲ್ಲಿ. ಕೊಯ್ಯುವಾಗ ಬುಡಕ್ಕೆ ಹಾಸು ಹಾಕಿ, ಉದುರಿದ್ದು, ಗಿಡದಲ್ಲಿ ಉಳಿದದ್ದು ಎಲ್ಲ ಆಯಿರಿ. ಹುಳ ಬಿದ್ದ ಕಾಯಿಯನ್ನು ಎರಡು ಮೂರು ನಿಮಿಷ ಕುದಿಯುವ ನೀರಿಗೆ ಅದ್ದಿ ಆಮೇಲೆ ಒಣಗಿಸಿ.

ಕೊಯ್ಲು ಮತ್ತು ಕಣ

ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ವರ್ಷವಿಡೀ ಮಾಡಿದ ಕೆಲಸ ಇಲ್ಲಿ ಒಂದು ವಾರದಲ್ಲಿ ಹಾಳಾಗಬಹುದು. ಕೆಂಪು ಹಣ್ಣು ಮಾತ್ರ ಕೊಯ್ಯಿಸಿ. ಆಳು ಸಿಗುವುದಿಲ್ಲ ಎಂದು ಹಸಿರು ಹಳದಿ ಎಲ್ಲ ಒಟ್ಟಿಗೆ ಉದುರಿಸುವುದು ಈಗ ಜಾಸ್ತಿ. ಕಷ್ಟ ಅರ್ಥವಾಗುತ್ತದೆ. ಆದರೂ ಕನಿಷ್ಠ ಹಸಿರು ಕಾಯಿಯನ್ನು ಬೇರೆ ಮಾಡಿ ಬೇರೆಯೇ ಒಣಗಿಸಿ.

ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಬೀಜ) ಮಾಡುವುದಾದರೆ ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಬೇಕು, ಹಣ್ಣು ಚೀಲದಲ್ಲಿ ರಾತ್ರಿ ಕಳೆದರೆ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಸಿಪ್ಪೆ ತೆಗೆದ ಅರೇಬಿಕಾ ಬೀಜದ ಲೋಳೆ ಬಿಡಲು ತೊಟ್ಟಿಯಲ್ಲಿ 24ರಿಂದ 36 ಗಂಟೆ ಬೇಕು. ಚಳಿ ಜಾಸ್ತಿ ಇದ್ದರೆ ತಡವಾಗುತ್ತದೆ, ಹಾಗಾಗಿ ಗಡಿಯಾರ ನಂಬಬೇಡಿ. ಒಂದು ಹಿಡಿ ಬೀಜ ತೆಗೆದು ತೊಳೆದು ಮುಷ್ಟಿಯಲ್ಲಿ ಹಿಸುಕಿ. ಜಾರಿದರೆ ಇನ್ನೂ ಆಗಿಲ್ಲ. ಹರಳುಕಲ್ಲು ಹಿಡಿದ ಹಾಗೆ ಗರಗರ ಅಂದರೆ ಆಯಿತು, ಕೂಡಲೇ ತೊಳೆಯಿರಿ. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಅದು ಮೀನು ಕೊಲ್ಲುತ್ತದೆ, ಕೆಳಗಿನವರ ಕುಡಿಯುವ ನೀರು ಕೆಡಿಸುತ್ತದೆ. ಗುಂಡಿ ತೋಡಿ ನಿಲ್ಲಿಸಿ.

ಕಣದಲ್ಲಿ ತೆಳುವಾಗಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಹೊದಿಸಿ. ಮಂಜು ಬಿದ್ದ ಕಾಫಿ ಬಣ್ಣಗೆಡುತ್ತದೆ. ಪಾರ್ಚ್‌ಮೆಂಟ್ ಏಳರಿಂದ ಹತ್ತು ದಿನ, ಚೆರ್ರಿ (ಸಿಪ್ಪೆ ಸಮೇತ ಒಣಗಿಸುವ ಇಡೀ ಹಣ್ಣು) ಹನ್ನೆರಡರಿಂದ ಹದಿನೈದು ದಿನ. ಒಣಗಿದ ಚೆರ್ರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತದೆ. ಪಾರ್ಚ್‌ಮೆಂಟ್‌ನಲ್ಲಿ ತೇವ 10 ಪರ್ಸೆಂಟ್, ರೊಬಸ್ಟಾ ಚೆರ್ರಿಯಲ್ಲಿ 11 ಪರ್ಸೆಂಟ್ ದಾಟಬಾರದು. ಗೊಬ್ಬರ, ಸೀಮೆಎಣ್ಣೆ ಇಟ್ಟ ಕೋಣೆಯಲ್ಲಿ ಕಾಫಿ ಚೀಲ ಇಡಬೇಡಿ, ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಮಾರುವುದು

1942ರ ಕಾಫಿ ಕಾಯ್ದೆ ಬಂದ ಮೇಲೆ ಬಹಳ ಕಾಲ ಬೆಳೆಗಾರರು ಕಾಫಿಯನ್ನೆಲ್ಲ ಒಟ್ಟಿಗೆ ಮಾರಲು ಕಾಫಿ ಬೋರ್ಡಿನ ಪೂಲ್‌ಗೆ ಕೊಡುತ್ತಿದ್ದರು. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಹೋಯಿತು. ಈಗ ಯಾರಿಗೆ ಬೇಕಾದರೂ ಮಾರಬಹುದು. ಅರೇಬಿಕಾ ಬೆಲೆಗೆ ನ್ಯೂಯಾರ್ಕ್, ರೊಬಸ್ಟಾ ಬೆಲೆಗೆ ಲಂಡನ್ ಮಾರುಕಟ್ಟೆ ದಿಕ್ಕು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ನಮ್ಮ ಪೇಟೆಯ ದರದ ಹಲಗೆಯಲ್ಲಿ ಅಂಕಿ ಬದಲಾಗುತ್ತದೆ.

ಚೆರ್ರಿ ಮಾರುವವರು ಓ.ಟಿ. ಲೆಕ್ಕ ಕಲಿತಿರಬೇಕು. 50 ಕೆಜಿ ಚೀಲದ ಒಣ ಚೆರ್ರಿಯಿಂದ ಎಷ್ಟು ಕೆಜಿ ಬೀಜ ಬರುತ್ತದೆಯೋ ಅದೇ ಓ.ಟಿ. 26 ಕೆಜಿ ಬಂದರೆ ಓ.ಟಿ. 26. ಬೆಲೆ ನಿಂತಿರುವುದು ಅದರ ಮೇಲೆ. ಮಾದರಿ ತೆಗೆಯುವಾಗ ಪಕ್ಕದಲ್ಲಿ ನಿಲ್ಲಿ. ಒಂದೇ ಚೀಲದ ಮೇಲ್ಭಾಗದಿಂದ ಅಲ್ಲ, ನಾಲ್ಕೈದು ಚೀಲದ ನಡುವಿನಿಂದ ತೆಗೆಯಲಿ. ತೇವ ಅಳೆಯುವ ಮೀಟರಿನ ಅಂಕಿ ನಿಮ್ಮ ಕಣ್ಣಿಗೂ ಕಾಣಲಿ. ಒಬ್ಬರಲ್ಲೇ ಕೇಳಿ ಒಪ್ಪಬೇಡಿ, ಅದೇ ಮಾದರಿಯನ್ನು ಎರಡು ಮೂರು ಕಡೆ ತೋರಿಸಿ, ಕಾಫಿ ಬೋರ್ಡ್ ಪ್ರಕಟಿಸುವ ದಿನದ ದರದ ಜೊತೆ ಹೋಲಿಸಿ ನೋಡಿ. ಚೆನ್ನಾಗಿ ಒಣಗಿದ ಕಾಫಿ ಕೆಲವು ತಿಂಗಳು ಗೋದಾಮಿನಲ್ಲಿ ಕಾಯುತ್ತದೆ. ಹಸಿ ಇರುವ ಕಾಫಿ ಕಾಯುವುದಿಲ್ಲ, ಅದನ್ನು ಇಟ್ಟುಕೊಂಡವರು ಕೇಳಿದ ರೇಟಿಗೇ ಕೊಡಬೇಕಾಗುತ್ತದೆ.